ಅಣ್ಣನ ಋಣ, ತಮ್ಮನ ಬಾಯಿ

ಗುಲ್ಸುನ್ ಅಳುತ್ತಲೇ ಗುಡಾರದೊಳಗೆ ಬಂದಳು. "ಹೋದೆಯಾ ಭಾವ, ಬೆಟ್ಟದಂಥ ಭಾವ, ನಮ್ಮನ್ನೆಲ್ಲ ಬಿಟ್ಟು ಹೋದೆಯಾ..." ಎಂದು ರಾಗವಾಗಿ ಹಾಡಿಕೊಳ್ಳುತ್ತ, ಸುತ್ತ ಕೂತ ಹೆಂಗಸರನ್ನು ದಾಟಿ ನೇರವಾಗಿ ಕಲೀಚಾಳ ಬಳಿಗೆ ಬಂದು ಅವಳ ಕೊರಳನ್ನು ತಬ್ಬಿಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು. ಆ ಕಣ್ಣೀರು ಸುಳ್ಳಲ್ಲವೆಂದು ಕಲೀಚಾಳಿಗೆ ಗೊತ್ತಿತ್ತು. ಓರಗಿತ್ತಿಯ ಭುಜದ ಮೇಲೆ ಮುಖವಿಟ್ಟು ಇನ್ನೇನು ತಾನೂ ಅತ್ತುಬಿಡಬೇಕು ಎನ್ನುವಷ್ಟರಲ್ಲಿ, ಎರಡು ಬಿಕ್ಕುಗಳ ನಡುವೆ, ಕಿವಿಯ ಹತ್ತಿರ ಬಿಸಿಯುಸಿರಿನ ಮಾತು ಬಂತು.

"ಅಕ್ಕ, ದುಡ್ಡಿನ ಮಾತು ಇವತ್ತೂ ಬೇಡ, ನಾಳೆನೂ ಬೇಡ. ಗುಡ್ಡದ ಮೇಲೆ ಖಬರಸ್ತಾನದಲ್ಲಿ ಜಾಗ ಕೊಡಿಸಿರೋದು ನಿಮ್ಮ ಮೈದುನ. ಮುಲ್ಲಾ ಮನೆ, ಹಿರಿಯರ ಮನೆ ಅಂತ ನಿನ್ನೆಯಿಂದ ಸುತ್ತಿದಾರೆ. ನೀವು ಬಾಯಿ ಬಿಟ್ರೆ ಅವರು ಕೈ ಬಿಡ್ತಾರೆ. ಆಮೇಲೆ ಭಾವನ್ನ ಎಲ್ಲಿ ಹೂಳ್ತೀರೋ ನಿಮ್ಮ ಯೇಸುನೇ ಹೇಳ್ಬೇಕು."

ಅಷ್ಟು ಹೇಳಿ ಗುಲ್ಸುನ್ ಮತ್ತೆ ದನಿಯೆತ್ತಿ, "ಬೆಟ್ಟದಂಥ ಭಾವ..." ಎಂದು ಅಳತೊಡಗಿದಳು. ಕಲೀಚಾಳಿಗೆ ಅಳು ಬರಲಿಲ್ಲ. ಬಂದಿದ್ದ ಅಳು ಗಂಟಲಲ್ಲೇ ನಿಂತು ಕಲ್ಲಾಯಿತು.

ಸಾವಿನ ಪದ್ಧತಿಯಂತೆ ಅಂಗಳದಲ್ಲಿ ಎತ್ತಿದ ಗುಡಾರದ ಬಲಗಡೆ, ಕಸೂತಿ ಪರದೆಯ ಹಿಂದೆ ಎಸೆನ್ಕುಲ್ ಮಲಗಿದ್ದ. ಮೂವತ್ತೊಂಬತ್ತು ವರ್ಷ ಜೊತೆಗೆ ಬಾಳಿದ ಗಂಡ. ಹಿಂದಿನ ದಿನ ಬೆಳಿಗ್ಗೆ, ಜರ್ದಾಳು ತೋಟಕ್ಕೆ ನೀರು ತಿರುಗಿಸಲು ಹೋದವನು ಕಾಲುವೆಯ ಬದಿಯಲ್ಲಿ ಕುಳಿತವನಂತೆಯೇ ಪ್ರಾಣ ಬಿಟ್ಟಿದ್ದ. ಹೊರಗೆ ಗಂಡಸರು ಕೋಲಿನ ಮೇಲೆ ಬಾಗಿ ನಿಂತು, ಬಂದವರನ್ನೆಲ್ಲ ಗೋಳಿಟ್ಟು ಎದುರುಗೊಳ್ಳುತ್ತಿದ್ದರು. ಅವರಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಮೈದುನ, ಗುಲ್ಸುನಳ ಗಂಡ ಸಾತಾರನದು. "ಅಯ್ಯೋ ನನ್ನ ಅಣ್ಣ, ನನ್ನ ಬೆನ್ನೆಲುಬೇ..." ಎಂದು ಅವನು ಕೂಗಿದಾಗಲೆಲ್ಲ ಕಲೀಚಾಳ ಎದೆ ಒಮ್ಮೆ ಕರಗುತ್ತಿತ್ತು, ಒಮ್ಮೆ ಉರಿಯುತ್ತಿತ್ತು. ಎರಡರಲ್ಲಿ ಯಾವುದು ಸರಿಯೋ ಅವಳಿಗೆ ತಿಳಿಯುತ್ತಿರಲಿಲ್ಲ.

ಎಸೆನ್ಕುಲ್ ಯೇಸುವನ್ನು ನಂಬಿದ್ದು ಟ್ರ್ಯಾಕ್ಟರ್ ಕೆಲಸ ಹೋಗಿ, ಕುಡಿತ ಮಿತಿಮೀರಿ, ಇನ್ನು ಈ ಮನುಷ್ಯ ಉಳಿಯುವುದಿಲ್ಲ ಎಂದು ಊರೇ ಮಾತಾಡುತ್ತಿದ್ದ ವರ್ಷ. ನಂಬಿದ ಮೇಲೆ ಕುಡಿತ ಬಿಟ್ಟ. ಕುಡಿತ ಬಿಟ್ಟದ್ದನ್ನು ಊರು ಮೆಚ್ಚಿತು, ನಂಬಿದ್ದನ್ನು ಮೆಚ್ಚಲಿಲ್ಲ. ಸಾತಾರನಂತೂ, "ನನಗೆ ಅಣ್ಣ ಇಲ್ಲ, ಸತ್ತ" ಎಂದು ಕುದುರೆಯ ಮೇಲೆ ಕುಳಿತೇ ಬೇಲಿಯಾಚೆಯಿಂದ ಹೇಳಿಹೋದ. ಹನ್ನೊಂದು ವರ್ಷ ಆ ತಮ್ಮ ಈ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ಊರ ಪಕ್ಕದ ಸರೋವರದ ಕಡೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಎಸೆನ್ಕುಲ್ ದಿನವೂ ಪ್ರಾರ್ಥನೆಯಲ್ಲಿ ಹೇಳುತ್ತಿದ್ದದ್ದು ಒಂದೇ ಹೆಸರು, ತಮ್ಮನದು.

ನಾಲ್ಕು ವರ್ಷದ ಕೆಳಗೆ ಅವರ ತಾಯಿ ತೀರಿಕೊಂಡಳು. ವರ್ಷ ತುಂಬುವಾಗ ತಾಯಿಯ ಹೆಸರಿನಲ್ಲಿ ದೊಡ್ಡ ಊಟ ಹಾಕಬೇಕು. ಕುದುರೆಗಳನ್ನು ಕಡಿಯಬೇಕು, ಕುದುರೆ ಓಟ ಇಡಬೇಕು, ನಾಲ್ಕು ಕಣಿವೆಯ ಜನ ಬಂದು ಉಣ್ಣಬೇಕು. ಅದು ಹಿರಿಯ ಮಗನ ಹೊಣೆ. ಎಸೆನ್ಕುಲ್ ತನ್ನ ನಂಬಿಕೆಗೆ ಅದು ಸಲ್ಲದೆಂದು ಸುಮ್ಮನಿದ್ದ. ಆಗ ಒಂದು ಮಧ್ಯಾಹ್ನ ಸಾತಾರ್ ಬಾಗಿಲಲ್ಲಿ ಬಂದು ನಿಂತ. ಒಳಗೆ ಬಂದ. ಕುಳಿತ. ಕಲೀಚಾ ಕೊಟ್ಟ ಚಹಾ ಕುಡಿದ.

"ನೀನು ಊಟಕ್ಕೆ ಕೂರಬೇಡ, ಪ್ರಾರ್ಥನೆಗೂ ನಿಲ್ಲಬೇಡ. ಅದನ್ನೆಲ್ಲ ನಾನು ನೋಡ್ಕೋತೀನಿ" ಎಂದಿದ್ದ ಸಾತಾರ್. "ಬ್ಯಾಂಕಿನವರು ನನಗೆ ಕೊಡಲ್ಲ, ಹಳೇದು ಇನ್ನೂ ಇದೆ. ನಿನ್ನ ಹೆಸರಲ್ಲಿ ತೆಗೆದು ಕೊಡು. ಎರಡು ಸುಗ್ಗಿ ಜರ್ದಾಳು ಮಾರಿ ತೀರಿಸಿಬಿಡ್ತೀನಿ."

ಮನೆಯನ್ನು ಒತ್ತೆ ಇಟ್ಟು ಎಸೆನ್ಕುಲ್ ನಾಲ್ಕು ಲಕ್ಷ ಸೋಮ್ ತಂದ. ಆ ಎರಡು ವರ್ಷವೂ ಹೂ ಬಿಟ್ಟ ಹೊತ್ತಿಗೆ ಹಿಮ ಬಿದ್ದು ಜರ್ದಾಳು ಸುಟ್ಟುಹೋಯಿತು. ಕಂತು ಕಟ್ಟುವವನು ಎಸೆನ್ಕುಲನೇ ಆದ. ಮೂರನೆಯ ವರ್ಷ ಮರ ತುಂಬ ಕಾಯಿ ಬಂದಾಗ ಸಾತಾರನ ಮಾತು ಬದಲಾಗಿತ್ತು. "ಸಾಲ ಅಂದ್ರೆ ಯಾವ ಸಾಲ? ಅವ್ವನ ಊಟದ ಖರ್ಚು ಅದು. ಹಿರಿಯನ ಪಾಲು. ದೇವರು ಬದಲಾದ ಅಂತ ಹೆತ್ತವಳೂ ಬದಲಾದ್ಲಾ?" ಎಂದು ಸಂತೆಯಲ್ಲಿ ನಿಂತು ಕೇಳಿದ್ದ. ಕಲೀಚಾ ಅದನ್ನು ಕೇಳಿ ಕೋಪದಿಂದಲೇ ಮನೆಗೆ ಬಂದವಳು, ಒಲೆಯ ಮುಂದೆ ಕುಳಿತು ಯೋಚಿಸಿದಾಗ, ಅದರಲ್ಲಿ ಅರ್ಧ ನಿಜವೂ ಇದೆಯಲ್ಲ ಎನಿಸಿ ಇನ್ನಷ್ಟು ಕಂಗಾಲಾಗಿದ್ದಳು.

ಗಂಡನನ್ನು ಕೇಳಿದರೆ ಅವನೂ ಬಗೆಹರಿಸಲಿಲ್ಲ. "ಸಾತಾರನ್ನ ಕೇಳಬೇಡ ಕಲೀಚಾ. ಕೊಡುವಾಗಲೇ ನಾನು ಮನಸ್ಸಲ್ಲಿ ಬಿಟ್ಟುಕೊಟ್ಟಿದ್ದೀನಿ. ವಾಪಸ್ ಬರುತ್ತೆ ಅಂತ ಕೊಟ್ಟರೆ ಅದೇನು ದೊಡ್ಡದು? ಯಾರು ಬೇಕಾದ್ರೂ ಕೊಡ್ತಾರೆ" ಎಂದ. ಅದೇ ವಾರ ಇನ್ನೊಮ್ಮೆ, ಬೂಟಿನ ಕೆಸರು ಕೆರೆಯುತ್ತ ಕುಳಿತವನು, "ನಾನು ಸತ್ತ ದಿನ ಯಾರಿಗೂ ಒಂದು ಸೋಮ್ ಬಾಕಿ ಇರಬಾರದು. ಕ್ರಿಸ್ತನವರು ಸಾಲ ಉಳಿಸಿ ಸಾಯ್ತಾರೆ ಅಂತ ಊರು ಆಡ್ಕೋಬಾರದು" ಎಂದ. ತಮ್ಮನನ್ನು ಕೇಳದೆ ಬ್ಯಾಂಕಿಗೆ ತೀರಿಸುವುದು ಹೇಗೆ? "ಅದನ್ನೇ ನಾನೂ ಕೇಳ್ತಾ ಇದ್ದೀನಿ" ಎಂದು ಮೇಲೆ ನೋಡಿ ನಕ್ಕಿದ್ದ ಪುಣ್ಯಾತ್ಮ. ಉತ್ತರ ಬರುವ ಮೊದಲೇ ಕಾಲುವೆಯ ಬದಿಯಲ್ಲಿ ಕುಳಿತುಬಿಟ್ಟ... ಇನ್ನೂ ಎರಡೂವರೆ ಲಕ್ಷ ಬಾಕಿ. ಮನೆ ಈಗ ಕಲೀಚಾಳದೋ, ಬ್ಯಾಂಕಿನದೋ?

ಮಗಳು ಚೋಲ್ಪೋನ್ ರಾಜಧಾನಿಯಲ್ಲಿ ಹೊಲಿಗೆ ಕಾರ್ಖಾನೆಯ ಕೆಲಸದವಳು. ಸುದ್ದಿ ತಿಳಿದ ದಿನವೇ ಬಂದಿದ್ದಳು. ಗಂಡುಮಕ್ಕಳಿಲ್ಲದ ಮನೆಗೆ ಅವಳೊಬ್ಬಳೇ. ಗುಲ್ಸುನ್ ಪಿಸುಗುಟ್ಟಿದ್ದನ್ನು ತಾಯಿಯ ಬಾಯಿಂದ ಕೇಳಿದವಳೇ ಹಲ್ಲು ಕಚ್ಚಿದಳು.

"ಜಾಗ ಕೊಡಿಸಿದ್ದಾರಂತೆ ಜಾಗ. ಅಜ್ಜನ ಪಕ್ಕ ಅಪ್ಪನಿಗೆ ಜಾಗ ಕೊಡಿಸೋಕೆ ಇವರು ಯಾರು?"

"ಮೆಲ್ಲಗೆ ಮಾತಾಡೇ. ಮುಲ್ಲಾ ಮೊದಲು ಬೇಡವೇ ಬೇಡ ಅಂದಿದ್ದರಂತೆ. ಸಾತಾರ್ ಬೇಡಿಕೊಂಡಿದ್ದು ನಿಜ."

"ಬೇಡಿಕೊಂಡಿದ್ದು ಯಾಕೆ ಅಂತ ಗೊತ್ತಾ ನಿನಗೆ?" ಚೋಲ್ಪೋನ್ ತಾಯಿಯ ಹತ್ತಿರಕ್ಕೆ ಸರಿದಳು. "ನಾಳೆ ಎತ್ತೋ ಮುಂಚೆ ಸಾಲದ ಮಾತು ಕೇಳಬೇಕಲ್ಲ, ಅದನ್ನ ಕೇಳೋರು ಯಾರು?"

ಕಲೀಚಾಳಿಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ.

ಹೆಣ ಎತ್ತುವ ಮೊದಲು ಅಂಗಳದಲ್ಲಿ ಸತ್ತವನ ಮಗ ಎದ್ದುನಿಂತು ನೆರೆದವರನ್ನು ಕೇಳಬೇಕು. ನಮ್ಮ ತಂದೆ ಯಾರಿಗಾದರೂ ಕೊಡಬೇಕಾಗಿದ್ದರೆ ಈಗಲೇ ಹೇಳಿ, ಆ ಸಾಲ ನನ್ನದು. ಯಾರಾದರೂ ತಂದೆಗೆ ಕೊಡಬೇಕಾಗಿದ್ದರೆ, ನಾವು ಬಿಟ್ಟೆವು. ಹೀಗೆ ಎರಡು ಮಾತು. ಅದನ್ನು ಕೇಳದೆ ಯಾರ ಹೆಣವೂ ಈ ಊರಿನಿಂದ ಗುಡ್ಡಕ್ಕೆ ಹೋಗಿಲ್ಲ. ಹೆಣದೆದುರು ಒಮ್ಮೆ ಬಿಟ್ಟ ಸಾಲವನ್ನು ಮತ್ತೆ ಕೇಳುವಂತಿಲ್ಲ, ಕೊಟ್ಟರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮಣ್ಣಿನೊಳಗೆ ಮಲಗಿದವನಿಗೆ ಭಾರ.

ಎಸೆನ್ಕುಲನಿಗೆ ಮಗನಿಲ್ಲ. ಮಗನಿಲ್ಲದವನಿಗೆ ತಮ್ಮನೇ ನಿಲ್ಲಬೇಕು.

"ಅಂದ್ರೆ..." ಎಂದಳು ಕಲೀಚಾ.

"ಅಂದ್ರೆ ಚಿಕ್ಕಪ್ಪ ನಾಳೆ ಊರ ಮುಂದೆ ನಿಂತು ತನ್ನ ಸಾಲನ ತಾನೇ ಬಿಟ್ಕೋತಾನೆ. ಅಪ್ಪನ ಬಾಯಿ ಆಗಿ. ಆಮೇಲೆ ನೀನು ಕೋರ್ಟಿಗೆ ಹೋದ್ರೂ ಊರು ನಿನಗೇ ಉಗಿಯತ್ತೆ. ಎಂಥಾ ಲೆಕ್ಕಾಚಾರ ನೋಡಮ್ಮ."

"ಅವನು ಅಷ್ಟೆಲ್ಲ ಯೋಚನೆ ಮಾಡಿರಲ್ಲ ಕಣೇ."

"ಅವನು ಮಾಡಿರಲ್ಲ. ಅವನ ಹೆಂಡತಿ ಮಾಡಿರ್ತಾಳೆ. ನೀನು ಒಂದು ಕೆಲಸ ಮಾಡು. ಅವನು ಬಾಯಿ ತೆಗೆದ ತಕ್ಷಣ ಗುಡಾರದಿಂದಲೇ ಕೂಗಿ ಹೇಳು, 'ಕೊಡಬೇಕಾದವನು ನೀನೇ' ಅಂತ. ಹೆಂಗಸರು ಹೊರಗೆ ಬರಬಾರದು ಅಂತ ಇದೆ, ಒಳಗಿಂದ ಮಾತಾಡಬಾರದು ಅಂತ ಎಲ್ಲೂ ಇಲ್ಲ."

"ನಿಮ್ಮಪ್ಪ ಕೇಳಬೇಡ ಅಂದಿದ್ರು."

"ಅಪ್ಪ ಸಾಲ ಉಳಿಸಬೇಡ ಅಂತಾನೂ ಅಂದಿದ್ರು. ನೀನು ಯಾವಾಗಲೂ ನಿನಗೆ ನಷ್ಟ ಆಗೋ ಮಾತನ್ನೇ ನೆನಪಿಟ್ಕೋತೀಯಲ್ಲ, ಅದು ಯಾಕೆ?"

ಕಲೀಚಾ ಎದ್ದು ಚಹಾದ ಬಟ್ಟಲುಗಳನ್ನು ಕೂಡಿಸತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಅವರ ಪುಟ್ಟ ಸಭೆಯ ಪಾಸ್ಟರ್ ದಾನಿಯಾರ್ ಬಂದ. ವಾರವೆಲ್ಲ ವೆಲ್ಡಿಂಗ್ ಕೆಲಸ ಮಾಡಿ ಭಾನುವಾರ ಬೋಧಿಸುವವನು, ಕಲೀಚಾಳಿಗೆ ಮಗನಿದ್ದಿದ್ದರೆ ಅವನ ವಯಸ್ಸಿನವನು. ಊರಿನ ಗಂಡಸರು ಅವನಿಗೆ ಕೈಕೊಟ್ಟರು, ಆದರೆ ಕೂರಲು ಹೇಳಲಿಲ್ಲ. ಮನೆಯ ಹಿಂದೆ, ಚಹಾದ ನೀರು ಕಾಯಿಸುವ, ಹೊಗೆಯಾಡುತ್ತಿದ್ದ ಸಮೋವಾರದ ಬಳಿ ಕಲೀಚಾ ಅವನನ್ನು ಕಂಡು ಎಲ್ಲವನ್ನೂ ಹೇಳಿದಳು. ಅವನು ತನ್ನ ಸುಟ್ಟ ಬೆರಳುಗಳನ್ನು ಉಜ್ಜಿಕೊಂಡ.

"ನಾನು ಎಷ್ಟು ಸಲ ಬೋಧಿಸಿಲ್ಲಮ್ಮ" ಎಂದ. "ನೆಂಟರಿಗೆ ಸಾಲ ಕೊಡಬೇಡಿ, ಕೈಲಾದಷ್ಟು ಸುಮ್ಮನೆ ಕೊಟ್ಟುಬಿಡಿ, ಕೈಲಾಗದಿದ್ದರೆ ಪ್ರೀತಿಯಿಂದ ಇಲ್ಲ ಅನ್ನಿ ಅಂತ. ಎಲ್ಲರಿಗಿಂತ ಹೆಚ್ಚು ತಲೆಯಾಡಿಸ್ತಿದ್ದವರು ಎಸೆನ್ಕುಲ್ ಅವರೇ. ಮಾರನೇ ವಾರ ಹೋಗಿ ಸಹಿ ಹಾಕಿ ಬಂದರು."

"ಈಗ ನಾನೇನು ಮಾಡಲಿ, ಅದನ್ನ ಹೇಳಪ್ಪ."

"ಕ್ಷಮಿಸೋದು ನಮಗೆ ಆಜ್ಞೆ. ಅದನ್ನ ತಿದ್ದೋ ಅಧಿಕಾರ ನನಗಿಲ್ಲ."

"ಕ್ಷಮಿಸಿದರೆ ನಾನು ಬೀದಿಗೆ ಬೀಳ್ತೀನಿ. ಬ್ಯಾಂಕಿನವರಿಗೆ ಆಜ್ಞೆ ಆಗಿಲ್ಲವಲ್ಲ."

"ಇಲ್ಲ" ಎಂದ ದಾನಿಯಾರ್ ತಲೆ ತಗ್ಗಿಸಿ. "ಸಭೆಯಲ್ಲಿ ಚಂದಾ ಎತ್ತೋಣ ಅಂದ್ರೆ ನಾವಿರೋದು ಹದಿನಾಲ್ಕು ಜನ. ಅದರಲ್ಲಿ ಒಂಬತ್ತು ಜನ ತಾವೇ ಸಾಲದಲ್ಲಿದ್ದಾರೆ. ನನ್ನನ್ನೂ ಸೇರಿಸಿ."

"ಅವನು ತಪ್ಪು ಅಂತ ಒಪ್ಪಿಕೊಳ್ಳದೇ ಇದ್ದರೂ ಕ್ಷಮಿಸಬೇಕಾ? ಸಾಲವೇ ಅಲ್ಲ ಅಂತಿದ್ದಾನಲ್ಲ. ಇಲ್ಲದೇ ಇರೋ ಸಾಲನ ಬಿಡೋದು ಹೇಗೆ?"

"ನನಗೆ ಗೊತ್ತಿಲ್ಲಮ್ಮ" ಎಂದ ಪಾಸ್ಟರ್. "ಗೊತ್ತಿದೆ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ. ನಾನು ಪ್ರಾರ್ಥನೆ ಮಾಡ್ತೀನಿ."

ಅವನು ಪ್ರಾರ್ಥಿಸಿದ. ಕಲೀಚಾಳೂ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ದೇವರ ಬದಲು ಮನೆಯೇ ಕಾಣಿಸಿತು. ಎಸೆನ್ಕುಲ್ ತಾನೇ ಇಟ್ಟಿಗೆ ಹೊಯ್ದು ಕಟ್ಟಿದ ಮೂರು ಕೋಣೆ, ಚೋಲ್ಪೋನ್ ಹುಟ್ಟಿದ ವರ್ಷ ಹಾಕಿದ ನೀಲಿ ಬಾಗಿಲು. ಅದು ಬೇಡವೆನ್ನುವಷ್ಟು ಭಕ್ತಿ ತನ್ನಲ್ಲಿದೆಯೆ ಎಂದು ತನ್ನನ್ನೇ ಕೇಳಿಕೊಂಡಳು. ಇರಲಿಲ್ಲ. ಮೈದುನನನ್ನು ಊರ ಮುಂದೆ ಕೆಡಹುವಷ್ಟು ಕಠಿಣ ಮನಸ್ಸಾದರೂ ಇದೆಯೆ? ಅದೂ ಇರಲಿಲ್ಲ. ಹೋಗುವ ಮುನ್ನ ಪಾಸ್ಟರ್ ಮೆಲ್ಲಗೆ, "ಊರವರು ಆಡ್ಕೋತಿದ್ದಾರಂತೆ, ನೀವು ಹಾಡಿಕೊಂಡು ಅಳಲಿಲ್ಲ ಅಂತ. ಪುನರುತ್ಥಾನ ನಂಬಿದವರು ಹಾಗೆ ಅಳೋದು ಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ. ನಿಮಗೆ ಅಳು ಬಂದ್ರೆ ಅಳಿ ಅಮ್ಮ. ನಾನು ಚಿಕ್ಕವನು, ನನಗೂ ಇನ್ನೂ ಎಲ್ಲ ತಿಳಿದಿಲ್ಲ" ಎಂದ.

ಮೂರನೆಯ ದಿನ ಬೆಳಿಗ್ಗೆ ಎಸೆನ್ಕುಲನನ್ನು ಬಿಳಿಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಕಂಬಳಿ ಸುತ್ತಿ, ಗುಡಾರದಿಂದ ಹೊರಗೆ ಅಂಗಳದ ನಡುವೆ ತಂದಿಟ್ಟರು. ಹೆಂಗಸರು ಒಳಗೆ ಉಳಿದರು. ವಿಧವೆಯಾದವಳು ಬಾಗಿಲಿಗೆ ಬೆನ್ನು ಮಾಡಿ, ಗುಡಾರದ ಉಣ್ಣೆಯ ಗೋಡೆಗೆ ಮುಖ ಮಾಡಿ ಕೂರಬೇಕು. ಕಲೀಚಾ ಕುಳಿತಳು. ಅವಳ ಎಡಕ್ಕೆ ಮಗಳು, ಬಲಕ್ಕೆ ಗುಲ್ಸುನ್. ಗುಲ್ಸುನ್ ಅವಳ ಮಣಿಕಟ್ಟನ್ನು ಹಿಡಿದಿದ್ದಳು. ನೋಡುವವರಿಗೆ ಸಂತೈಸುವಂತೆ ಕಾಣುವ ಹಿಡಿತ. ಬಳೆಯಿದ್ದ ಜಾಗ ನೋಯುತ್ತಿತ್ತು.

ಮುಲ್ಲಾ ಬಂದಿರಲಿಲ್ಲ. ಗುಡ್ಡದ ಮೇಲೆ ಜಾಗಕ್ಕೆ ಒಪ್ಪಿದ್ದನೇ ಹೊರತು ನಿಂತು ಪ್ರಾರ್ಥಿಸಲು ಒಪ್ಪಿರಲಿಲ್ಲ. ಪಾಸ್ಟರ್ ದಾನಿಯಾರ್ ನಾಲ್ಕು ಮಾತಿನ ಪ್ರಾರ್ಥನೆ ಮಾಡಿದಾಗ ಗಂಡಸರು ನೆಲ ನೋಡುತ್ತ ನಿಂತಿದ್ದರು. ಆಮೇಲೆ ಬೈಸಾಲ್ ಅಜ್ಜನ ದನಿ ಕೇಳಿಸಿತು. ಊರಿನ ಬಿಳಿಗಡ್ಡದವರಲ್ಲೆಲ್ಲ ಹಿರಿಯ ಅವನು.

"ಇವನ ದೇವರು ಯಾವನೋ ನನಗೆ ಗೊತ್ತಿಲ್ಲ. ಸಾಲ ಎಲ್ಲ ದೇವರಿಗೂ ಒಂದೇ. ಕೇಳೋ ಮಾತು ಕೇಳಿಬಿಡಿ. ಸಾತಾರ್, ನಿಲ್ಲಪ್ಪ."

ಸಾತಾರ್ ಗಂಟಲು ಸರಿಮಾಡಿಕೊಂಡ. "ಜನರೇ, ನನ್ನ ಅಣ್ಣ ಎಸೆನ್ಕುಲ್ ಹೇಗಿದ್ದ?"

"ಒಳ್ಳೆಯವನಾಗಿದ್ದ" ಎಂದರು ಎಲ್ಲರೂ.

"ಅಣ್ಣ ಯಾರಿಗಾದರೂ ಕೊಡೋದಿದ್ದರೆ ಈಗ ಹೇಳಿ. ಆ ಸಾಲ ನನ್ನದು."

ಯಾರೋ ಒಬ್ಬ ಮುದುಕ, "ಎರಡು ಚೀಲ ಬಿತ್ತನೆ ಆಲೂಗಡ್ಡೆ ತಗೊಂಡಿದ್ದ. ಬಿಟ್ಟೆ. ನನ್ನ ಮನೆ ಮಾಡಿಗೆ ಅವನು ಒಂದು ವಾರ ದುಡಿದಿದ್ದ, ನಾನೇ ಇನ್ನೂ ಅವನಿಗೆ ಬಾಕಿ" ಎಂದ. ಅಲ್ಲಲ್ಲಿ ಸಣ್ಣಗೆ ನಕ್ಕರು. ಬ್ಯಾಂಕಿನ ಮಾತು ಯಾರೂ ಎತ್ತಲಿಲ್ಲ. ಬ್ಯಾಂಕು ಅಂಗಳದಲ್ಲಿ ನಿಂತಿರಲಿಲ್ಲವಲ್ಲ.

"ಅಣ್ಣನಿಗೆ ಯಾರಾದರೂ ಕೊಡಬೇಕಾಗಿದ್ದರೆ..." ಎಂದ ಸಾತಾರ್.

ಅಲ್ಲಿಗೆ ನಿಂತ.

ಕಲೀಚಾ ಕಾದಳು. ಚೋಲ್ಪೋನ್ ತಾಯಿಯ ಮೊಣಕೈ ತಿವಿದಳು. ಗುಲ್ಸುನಳ ಉಗುರು ಮಣಿಕಟ್ಟಿನೊಳಗೆ ಇಳಿಯಿತು. ಹೊರಗೆ ಒಂದು ಕುದುರೆ ಕಡಿವಾಣ ಅಲುಗಿಸಿತು.

"ಅಣ್ಣನಿಗೆ ಯಾರಾದರೂ..." ಸಾತಾರ್ ಮತ್ತೆ ಶುರುಮಾಡಿದ. ಈ ಸಲ ದನಿ ನಡುವೆಯೇ ಮುರಿಯಿತು. ಆ ದನಿಯನ್ನು ಕಲೀಚಾ ಹಿಂದೆ ಒಮ್ಮೆ ಕೇಳಿದ್ದಳು, ಅವಳು ಮದುವೆಯಾಗಿ ಬಂದ ವರ್ಷ. ಹತ್ತು ವರ್ಷದ ಸಾತಾರ್ ಹಗ್ಗ ಹಾಕಲು ಮರೆತು ಅಣ್ಣನ ಕುದುರೆಯನ್ನು ಕಳೆದುಕೊಂಡು ಬಂದು, ಬಾಗಿಲಲ್ಲಿ ನಿಂತು ಹೇಳಲಾಗದೆ ಹೀಗೆಯೇ ತೊದಲಿದ್ದ. ಅಂದು ಎಸೆನ್ಕುಲ್ ಅವನು ಹೇಳುವವರೆಗೂ ಕಾಯದೆ ಹಗ್ಗ ಹಿಡಿದು ಹುಡುಕಲು ಹೊರಟುಹೋಗಿದ್ದ.

ಮೌನ ಬೆಳೆಯಿತು. ಅವನು ಬಿಟ್ಟೆವು ಅನ್ನಲಾರದೆ ನಿಂತಿದ್ದ. ಕೊಡುತ್ತೇನೆ ಅನ್ನಲೂ ಆಗದೆ ನಿಂತಿದ್ದ. ಯಾರಾದರೂ ಆ ಮೌನವನ್ನು ಒಡೆಯದಿದ್ದರೆ ತನ್ನ ಎದೆಯೇ ಒಡೆಯುತ್ತದೆ ಎನಿಸಿತು ಕಲೀಚಾಳಿಗೆ. ಬಾಯಿ ತೆರೆದಳು. ಮಾತಾಡಬೇಕೆಂದೇ ತೆರೆದದ್ದು. ಹೊರಟದ್ದು ಮಾತಲ್ಲ. ಹಿಂದಿನ ದಿನದಿಂದ ಗಂಟಲಲ್ಲಿ ಕಲ್ಲಾಗಿ ಕೂತಿದ್ದ ಅಳು, ಅವಳ ಅಜ್ಜಿಯರು ಅತ್ತ ರಾಗದಲ್ಲಿ ಹೊರಗೆ ಬಂತು.

"ಎದ್ದು ನೋಡು ಎಸೆನ್ಕುಲ್... ನಿನ್ನ ತಮ್ಮ ನಿಂತಿದಾನೆ, ಮಾತು ಸಿಗದೆ ನಿಂತಿದಾನೆ... ಹನ್ನೊಂದು ವರ್ಷ ಬಾರದವನು ಒಂದು ದಿನ ಬಂದ, ನೀ ಕಟ್ಟಿದ ಮನೆಯನ್ನೇ ಅವನ ಕೈಯಲ್ಲಿಟ್ಟೆ... ಅವ್ವನ ಹೆಸರಲ್ಲಿ ಕುದುರೆ ಕಡಿದರು, ನಾಲ್ಕು ಕಣಿವೆ ಉಂಡು ಹೋಯಿತು... ನೀನೊಬ್ಬ ಬೇಲಿಯಾಚೆ ನೆಂಟರ ಕುದುರೆ ಕಾದೆ... ಕೇಳಿಸಿಕೊಳ್ಳಿ ಅಣ್ಣಂದಿರೇ, ಕೇಳಿಸಿಕೊಳ್ಳಿ ಹಿರಿಯರೇ... ನನ್ನ ಮೈದುನ ನನಗೇನೂ ಕೊಡಬೇಕಾಗಿಲ್ಲ... ನನ್ನ ಮನೆಯೂ ಅವನದೇ, ನನ್ನ ಬಾಗಿಲೂ ಅವನದೇ, ಏನೂ ಕೊಡಬೇಕಾಗಿಲ್ಲ..."

ಹೆಂಗಸರು ಅಳು ಮರೆತು ಅವಳನ್ನೇ ನೋಡಿದರು. ಗುಲ್ಸುನ್ ಹಿಡಿದ ಕೈಯನ್ನು ಬಿಸಿ ಪಾತ್ರೆ ಮುಟ್ಟಿದವಳಂತೆ ಬಿಟ್ಟಳು. ಹೊರಗೆ ಕೋಲು ನೆಲಕ್ಕೆ ಬಿದ್ದ ಸದ್ದಾಯಿತು. ಯಾರೋ "ಹಿಡ್ಕೊಳ್ಳಿ, ಹಿಡ್ಕೊಳ್ಳಿ" ಎಂದರು. ಸಾತಾರ್ ಅಣ್ಣನ ಕಾಲ ಬಳಿ ಕುಸಿದು ಕೂತನೆಂದು ಆಮೇಲೆ ತಿಳಿಯಿತು.

ಬೈಸಾಲ್ ಅಜ್ಜ, "ಎಲ್ಲರೂ ಕೇಳಿದಿರಿ. ಹೆಂಡತಿ ಬಿಟ್ಟಳು. ಇನ್ನು ಎತ್ತಿ" ಎಂದ.

ಎತ್ತಿದರು. ಕಾಲುಗಳ ಸದ್ದು ಗುಡ್ಡದ ಕಡೆಗೆ ದೂರವಾಯಿತು.

"ಏನಮ್ಮ ಮಾಡಿಬಿಟ್ಟೆ..." ಎಂದಳು ಚೋಲ್ಪೋನ್. ಕೋಪವಿರಲಿಲ್ಲ ದನಿಯಲ್ಲಿ. ದಣಿವಿತ್ತು.

ಗುಲ್ಸುನ್ ಎದ್ದು ನಿಂತಳು. "ಮಾಡಬೇಕಾದ್ದನ್ನೇ ಮಾಡಿದ್ದಾಳೆ ನಿಮ್ಮಮ್ಮ. ಅದು ಸಾಲ ಅಂತ ನಾಲ್ಕು ಜನವೂ ನಂಬಿರಲಿಲ್ಲ. ಈಗ ಊರಿಗೆಲ್ಲ ಗೊತ್ತಾಯ್ತು, ಅದೂ ರಾಗವಾಗಿ. ಹಾಲಲ್ಲಿ ಕಲಸಿ ಕೊಟ್ಟಿರಿ ವಿಷನ, ಅಕ್ಕ. ಕ್ರಿಸ್ತನವರ ಕ್ಷಮೆ ಹೀಗಿರುತ್ತೆ ಅಂತ ಗೊತ್ತಿರಲಿಲ್ಲ."

ಕಲೀಚಾಳಿಗೆ ಆ ಮಾತು ಚುಚ್ಚಿತು, ಏಕೆಂದರೆ ಅದೇ ಪ್ರಶ್ನೆ ಅವಳೊಳಗೂ ಎದ್ದಿತ್ತು. ಆ ಹಾಡು ಎಲ್ಲಿಂದ ಬಂತು? ಮೈದುನನ ತೊದಲು ಕೇಳಿ ಕರುಳು ಕರಗಿದ್ದು ನಿಜ. "ನಾಲ್ಕು ಕಣಿವೆ ಉಂಡು ಹೋಯಿತು" ಎಂದಾಗ ಒಳಗೆಲ್ಲೋ ಸುಖವಾದದ್ದೂ ನಿಜ. ಒಂದೇ ಉಸಿರಿನಲ್ಲಿ ಎರಡೂ ಹೇಗೆ ಬಂದವು? ಕರ್ತನೇ, ನಾನು ಕೊಟ್ಟೆನೋ, ತೀರಿಸಿಕೊಂಡೆನೋ...

ಗಂಡಸರು ಗುಡ್ಡದಿಂದ ಇಳಿದು ಬಂದು ಕೈ ತೊಳೆಯುತ್ತಿದ್ದಾಗ ಸಾತಾರ್ ಒಬ್ಬನೇ ಗುಡಾರದ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ಮೊಣಕಾಲ ಮೇಲೆಲ್ಲ ಹಸಿ ಮಣ್ಣು.

"ಅತ್ತಿಗೆ, ನಾನು ಕೊಡ್ತೀನಿ ಅನ್ನೋಕೇ ನಿಂತಿದ್ದೆ" ಎಂದ. "ಬಾಯಿಗೆ ಬಂದಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ರೆ ಅಂದುಬಿಡ್ತಿದ್ದೆ."

ಕಲೀಚಾ ಅವನ ಮುಖವನ್ನೇ ನೋಡಿದಳು. ಅದು ನಿಜವಿರಬಹುದು. ಈಗ ಹಾಗೆ ನಂಬಿಕೊಂಡದ್ದೂ ಇರಬಹುದು. ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಈಗ ಕೊಟ್ಟರೂ ನೀವು ಮುಟ್ಟೋ ಹಾಗಿಲ್ಲ. ಬಿಟ್ಟಿದ್ದೀರಿ. ಕೊಡದೇ ಇದ್ದರೆ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ. ನೀವು ನನ್ನನ್ನ ಬಿಟ್ಟಿರೋ, ಕಟ್ಟಿಹಾಕಿದಿರೋ?"

"ಗೊತ್ತಿಲ್ಲ ಸಾತಾರ್. ದೇವರಾಣೆ ನನಗೇ ಗೊತ್ತಿಲ್ಲ."

ಅವನು ಮೊಣಕಾಲ ಮಣ್ಣು ಕೊಡವಿಕೊಂಡು ಹೊರಟುಹೋದ.

ಬೇಸಿಗೆಯಲ್ಲಿ ಮನೆ ಮಾರಿಹೋಯಿತು. ಸರೋವರಕ್ಕೆ ಬರುವ ಪ್ರವಾಸಿಗಳಿಗೆ ಕೋಣೆ ಕಟ್ಟಿಸುವೆನೆಂದು ಪಟ್ಟಣದವನೊಬ್ಬ ಕೊಂಡ. ಕಲೀಚಾ ತಾನೇ ಬ್ಯಾಂಕಿಗೆ ಹೋಗಿ ಕೊನೆಯ ಸೋಮಿನವರೆಗೂ ಕಟ್ಟಿ ಬಂದಳು. ಉಳಿದದ್ದು ಬೇರೆ ಮನೆಗೆ ಸಾಲುತ್ತಿರಲಿಲ್ಲ. ಎಸೆನ್ಕುಲ್ ಈಗ ಈ ಲೋಕದಲ್ಲಿ ಯಾರಿಗೂ ಬಾಕಿಯಿರಲಿಲ್ಲ. ಆ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ನೆಮ್ಮದಿಯಾಗಬೇಕಿತ್ತು ಎಂದುಕೊಂಡಳು. ಕಿಟಕಿಯ ಹೊರಗೆ ಇಡೀ ದಾರಿ ನೀರು ನೀಲಿಯಾಗಿ ಹರಡಿತ್ತು. ಅವಳಿಗೆ ಹೊಟ್ಟೆ ಹಸಿದಿತ್ತು, ಅಷ್ಟೆ.

ಮಗಳು ತನ್ನ ಜೊತೆ ಬಾ ಎಂದು ಕರೆದಳು. ಅವಳಿದ್ದದ್ದು ನಾಲ್ವರು ಹುಡುಗಿಯರ ಒಂದು ಕೋಣೆ. "ಆಮೇಲೆ ನೋಡೋಣ" ಎಂದು ಕಲೀಚಾ ಪ್ರಾರ್ಥನಾಮನೆಯ ಹಿಂದಿನ ಸಣ್ಣ ಕೋಣೆಗೆ ತನ್ನ ಪೆಟ್ಟಿಗೆ, ಹಾಸಿಗೆ ಸಾಗಿಸಿದಳು. ಊರು ಎರಡು ಭಾಗವಾಗಿ ಮಾತಾಡಿತು. ಒಬ್ಬರು ಅವಳನ್ನು ಪುಣ್ಯವಂತೆ ಎಂದರು, ಒಬ್ಬರು ಜಾಣೆ ಎಂದರು. ಎರಡನ್ನೂ ಕೇಳಿ ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. ಸಾತಾರ್ ಸಂತೆಗೆ ಹೋಗುವುದನ್ನು ಬಿಟ್ಟನೆಂದೂ, ಗುಲ್ಸುನ್ ಎರಡು ಕುರಿ ಮಾರಿ ಯಾವುದೋ ಮಂತ್ರದವಳ ಹತ್ತಿರ ಹೋಗಿಬಂದಳೆಂದೂ ಸುದ್ದಿ ಬಂತು. ಪ್ರತಿ ಬೆಳಿಗ್ಗೆ ಕಲೀಚಾ ಮೊಣಕಾಲೂರಿ, "ಅದು ಯಾವುದಾಗಿತ್ತೋ ಹೇಳು ಕರ್ತನೇ" ಎಂದು ಕೇಳುತ್ತಿದ್ದಳು. ಕೆಲವು ದಿನ ಅದು ಪ್ರೀತಿಯೆಂದೇ ತೋರುತ್ತಿತ್ತು. ಕೆಲವು ದಿನ ತೋರುತ್ತಿರಲಿಲ್ಲ.

ಮೊದಲ ಹಿಮ ಬಿದ್ದ ವಾರ, ಮಧ್ಯಾಹ್ನ, ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಬೆನ್ನ ಮೇಲೆ ಕಲ್ಲಿದ್ದಲಿನ ಮೂಟೆ ಹೊತ್ತು ಸಾತಾರ್ ನಿಂತಿದ್ದ. ಮುಖವೆಲ್ಲ ಕಪ್ಪು. ಹಿಂದೆ ಗಾಡಿಯಲ್ಲಿ ಇನ್ನೂ ಏಳೆಂಟು ಮೂಟೆಗಳಿದ್ದವು.

"ಇದು ಅದಕ್ಕಲ್ಲ ಅತ್ತಿಗೆ" ಎಂದ ಅವಳು ಕೇಳುವ ಮೊದಲೇ. "ಅದು ಬಿಟ್ಟಾಯ್ತು. ಅದನ್ನ ನಾನೂ ಮುಟ್ಟಲ್ಲ, ನೀವೂ ಮುಟ್ಟಬೇಡಿ."

"ಮತ್ತೆ ಯಾತಕ್ಕೆ?"

ಸಾತಾರ್ ಯೋಚಿಸಿದ. ಮೂಟೆಯ ಭಾರಕ್ಕೆ ಕತ್ತಿನ ನರ ಉಬ್ಬಿತ್ತು.

"ಗೊತ್ತಿಲ್ಲ" ಎಂದ. "ಗುಲ್ಸುನ್ ಬೇಡ ಅಂದ್ಲು. ಹೊರಟೇಬಿಟ್ಟೆ."

ತೆಗೆದುಕೊಂಡರೆ ಗಂಡನಿಗೆ ಭಾರವಾದೀತೇ? ಬೇಡವೆಂದರೆ ಈ ತಮ್ಮ ಮತ್ತೆ ಹನ್ನೊಂದು ವರ್ಷ ಮುಖ ತಿರುಗಿಸಿಕೊಂಡು ಹೋದಾನೇ? ಕಲೀಚಾ ಎಸೆನ್ಕುಲನನ್ನು ಕೇಳಿದಳು, ಕರ್ತನನ್ನು ಕೇಳಿದಳು. ಇಬ್ಬರೂ ಸುಮ್ಮನಿದ್ದರು. ಎದುರಿಗೆ ಮಾತ್ರ ಒಬ್ಬ ಮನುಷ್ಯ ಏದುಸಿರು ಬಿಡುತ್ತ ನಿಂತಿದ್ದ, ಅವನ ಟೋಪಿಯ ಮೇಲೆ ಹಿಮ ಕೂರುತ್ತಿತ್ತು.

"ಸರಿ, ಗೊತ್ತಿಲ್ಲದೋರು ಇಬ್ಬರಾದ್ವಿ" ಎಂದಳು ಅವಳು, ಬಾಗಿಲನ್ನು ಪೂರ್ತಿ ತೆರೆದು ಹಿಂದೆ ಸರಿಯುತ್ತ. "ಮೊದಲು ಅದನ್ನ ಇಳಿಸು, ಸೊಂಟ ಹಿಡಿದೀತು. ಒಲೆ ಪಕ್ಕ ಇಡು. ನೋಡ್ಕೊಂಡು, ಬಾಗಿಲು ಗಿಡ್ಡ."